ಬ್ಲೂಟೂತ್ ಕೈಕೊಟ್ಟಾಗ: ದೋಷ ಯಾವ ತುದಿಯಲ್ಲಿದೆ ಎಂದು ಹುಡುಕುವ ಕ್ರಮ

ಬ್ಲೂಟೂತ್ ಕೈಕೊಟ್ಟ ಕೂಡಲೇ ಬಹುತೇಕರು ಫೋನನ್ನೇ ದೂರುತ್ತಾರೆ, ಸೆಟ್ಟಿಂಗ್ಸ್‌ನಲ್ಲಿ ಕಂಡಕಂಡದ್ದನ್ನೆಲ್ಲ ಒತ್ತುತ್ತಾರೆ, ಕೊನೆಗೆ ರೀಸೆಟ್ ಮಾಡಿ ವೈಫೈ ಪಾಸ್‌ವರ್ಡುಗಳನ್ನೂ ಕಳೆದುಕೊಂಡು ಕೂರುತ್ತಾರೆ. ಈ ಸಂಪರ್ಕಕ್ಕೆ ಎರಡು ತುದಿಗಳಿವೆ, ಎರಡು ತುದಿಗಳಿಗೂ ಅವುಗಳದೇ ಆದ ನೆನಪಿದೆ. ಒಂದೇ ತುದಿಯನ್ನು ಸರಿಪಡಿಸುತ್ತ ಕುಳಿತರೆ ದೋಷ ಇನ್ನೊಂದು ತುದಿಯಲ್ಲಿ ಹಾಗೆಯೇ ಉಳಿದಿರುತ್ತದೆ.

ಆದ್ದರಿಂದ ಯಾವ ಲಕ್ಷಣವೇ ಇರಲಿ, ಮೊದಲು ಅದಲು ಬದಲು ಮಾಡಿ ನೋಡಬೇಕು. ತೊಂದರೆ ಕೊಡುತ್ತಿರುವ ಹೆಡ್‌ಸೆಟ್ಟನ್ನು ಬೇರೊಂದು ಫೋನಿಗೆ ಜೋಡಿಸಿ. ಅದೇ ರೀತಿ ನಿಮ್ಮ ಫೋನಿಗೆ ಬೇರೊಂದು ಸ್ಪೀಕರನ್ನೋ ಹೆಡ್‌ಸೆಟ್ಟನ್ನೋ ಜೋಡಿಸಿ. ಹೆಡ್‌ಸೆಟ್ಟು ಎಲ್ಲ ಫೋನುಗಳಲ್ಲೂ ತಕರಾರು ಮಾಡಿದರೆ ದೋಷ ಅದರದು; ನಿಮ್ಮ ಫೋನು ಎಲ್ಲ ಸಾಧನಗಳೊಂದಿಗೂ ತಕರಾರು ಮಾಡಿದರೆ ದೋಷ ಫೋನಿನದು; ಎರಡೂ ಬೇರೆಯವುಗಳ ಜೊತೆ ಸರಿಯಾಗಿದ್ದು ಪರಸ್ಪರ ಮಾತ್ರ ಸೇರದಿದ್ದರೆ ಅವುಗಳ ಹಳೆಯ ಜೋಡಣೆಯ ನೆನಪು ಕೆಟ್ಟಿದೆ ಎಂದರ್ಥ. ಪರೀಕ್ಷೆ ಮುಗಿದ ಮೇಲೆ ಆ ಬೇರೊಂದು ಫೋನಿನಿಂದ ಜೋಡಣೆಯನ್ನು ಅಳಿಸಲು ಮರೆಯಬಾರದು. ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮೆನುಗಳ ಹೆಸರು ಫೋನಿನಿಂದ ಫೋನಿಗೆ ತುಸು ಬೇರೆಯಾಗಿರುತ್ತದೆ. ಇಲ್ಲಿ ಹೇಳಿದ ಹೆಸರು ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕು ಪೆಟ್ಟಿಗೆಯಲ್ಲಿ ಬ್ಲೂಟೂತ್ ಎಂದು ಬರೆದು ನೋಡಿ.

ಸಾಧನದ ಹೆಸರು ಪಟ್ಟಿಯಲ್ಲಿ ಕಾಣಿಸುತ್ತಿಲ್ಲ

ಸಾಧನ ಆನ್ ಆಗಿರುವುದು ಬೇರೆ, ಪೇರಿಂಗ್ ಸ್ಥಿತಿಯಲ್ಲಿ, ಅಂದರೆ ಹೊಸ ಜೋಡಣೆಗೆ ಸಿದ್ಧವಾಗಿ, ಇರುವುದು ಬೇರೆ. ಆನ್ ಮಾಡಿದ ಕೂಡಲೇ ಹೆಚ್ಚಿನ ಹೆಡ್‌ಸೆಟ್ಟುಗಳು ಮೊದಲು ತಮ್ಮ ಹಳೆಯ ಫೋನನ್ನು ಹುಡುಕುತ್ತವೆ. ಆ ಹೊತ್ತಿನಲ್ಲಿ ಹೊಸ ಫೋನಿಗೆ ಅವು ಕಾಣಿಸುವುದೇ ಇಲ್ಲ. ಪವರ್ ಗುಂಡಿಯನ್ನೋ ಬ್ಲೂಟೂತ್ ಗುರುತಿನ ಗುಂಡಿಯನ್ನೋ ಕೆಲವು ಸೆಕೆಂಡು ಒತ್ತಿ ಹಿಡಿದಾಗ ದೀಪ ಬೇಗಬೇಗನೆ ಮಿನುಗಲು ತೊಡಗಿದರೆ, ಅಥವಾ ಎರಡು ಬಣ್ಣಗಳಲ್ಲಿ ಒಂದಾದ ಮೇಲೊಂದು ಹೊತ್ತಿದರೆ, ಸಾಮಾನ್ಯವಾಗಿ ಅದು ಪೇರಿಂಗ್ ಸ್ಥಿತಿಗೆ ಬಂದಿದೆ ಎಂದು ತಿಳಿಯಬಹುದು. ನಿಧಾನವಾಗಿ ಮಿನುಗುತ್ತಿದ್ದರೆ ಅದು ಇನ್ನೂ ಹಳೆಯ ಗೆಳೆಯನಿಗಾಗಿ ಕಾಯುತ್ತಿದೆ. ಎರಡು ಫೋನುಗಳ ನಡುವೆ ಹುಡುಕುವಾಗಲೂ ಇದೇ ಮಾತು: ಬ್ಲೂಟೂತ್ ಪುಟ ತೆರೆದಿರುವಷ್ಟು ಹೊತ್ತು ಮಾತ್ರ ಫೋನು ಇತರರಿಗೆ ಕಾಣಿಸಿಕೊಳ್ಳುತ್ತದೆ.

ಇನ್ನು ಚಾರ್ಜು. ತೀರ ಕಡಿಮೆ ಚಾರ್ಜಿನಲ್ಲಿ ದೀಪ ಹೊತ್ತಿದರೂ ಜೋಡಣೆ ಪೂರ್ಣಗೊಳ್ಳದಿರಬಹುದು. ಹಾಗಾಗಿ ಬೇರೆ ಯಾವುದಕ್ಕೂ ಕೈಹಾಕುವ ಮೊದಲು ಅರ್ಧ ಗಂಟೆ ಚಾರ್ಜ್ ಮಾಡಿ, ಎರಡನ್ನೂ ಒಂದು ಮೀಟರಿನೊಳಗೆ ಇಟ್ಟು ನೋಡಿ.

ಕೈಗಡಿಯಾರ, ಫಿಟ್‌ನೆಸ್ ಬ್ಯಾಂಡ್, ರಕ್ತದೊತ್ತಡ ಅಳೆಯುವ ಯಂತ್ರ ಮುಂತಾದವುಗಳ ಹೆಸರು ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಕಾಣದಿರುವುದು ಅನೇಕ ಸಲ ದೋಷವೇ ಅಲ್ಲ. ಅವುಗಳಲ್ಲಿ ಬಹಳಷ್ಟನ್ನು ತಯಾರಕರ ಆ್ಯಪ್ ಮೂಲಕವೇ ಜೋಡಿಸಬೇಕು. ಆ್ಯಪ್‌ಗೂ ಕಾಣಿಸದಿದ್ದರೆ ಅನುಮತಿ ನೋಡಿ: ಆಂಡ್ರಾಯ್ಡ್ 12ರಿಂದ ಮುಂದಕ್ಕೆ ‘ನಿಯರ್‌ಬೈ ಡಿವೈಸಸ್’ ಎಂಬ ಅನುಮತಿ ಬೇಕು. ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಲೊಕೇಶನ್ ಅನುಮತಿ ಕೊಟ್ಟು, ಲೊಕೇಶನ್ನನ್ನೂ ಆನ್ ಮಾಡಬೇಕಾಗುತ್ತದೆ. ಬ್ಲೂಟೂತ್ ಹುಡುಕಾಟಕ್ಕೂ ನಾವು ಇರುವ ಜಾಗಕ್ಕೂ ಏನು ಸಂಬಂಧ ಎಂದು ಅನುಮಾನಪಟ್ಟು ಹಲವರು ಇದನ್ನು ನಿರಾಕರಿಸಿರುತ್ತಾರೆ. ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ನೋಡಿ ಫೋನು ಎಲ್ಲಿದೆ ಎಂದು ಊಹಿಸಲು ಸಾಧ್ಯವಿರುವುದರಿಂದಲೇ ಆ ನಿಯಮ ಬಂದದ್ದು.

ಆಂಡ್ರಾಯ್ಡ್ ಫೋನಿನಿಂದ ಐಫೋನಿಗೆ ಬ್ಲೂಟೂತ್ ಮೂಲಕ ಫೋಟೊ ಕಳಿಸಲು ಆಗುತ್ತಿಲ್ಲ ಎಂಬ ದೂರೂ ಇದೇ ಬಗೆಯದು. ಆ ರೀತಿಯ ಫೈಲ್ ವರ್ಗಾವಣೆಗೆ ಐಫೋನಿನಲ್ಲಿ ಅವಕಾಶವನ್ನೇ ಇಟ್ಟಿಲ್ಲ. ರಿಪೇರಿ ಮಾಡಲು ಅಲ್ಲಿ ಏನೂ ಇಲ್ಲ.

ಹೆಸರು ಕಾಣಿಸುತ್ತದೆ, ಆದರೆ ಪೇರಿಂಗ್ ವಿಫಲವಾಗುತ್ತದೆ

ಪೇರಿಂಗ್ ಎಂದರೆ ಎರಡು ಸಾಧನಗಳು ಒಂದು ಗುಟ್ಟಿನ ಕೀಲಿಯನ್ನು ಮಾಡಿಕೊಂಡು, ಅದನ್ನು ತಂತಮ್ಮ ಮೆಮೊರಿಯಲ್ಲಿ ಬಚ್ಚಿಟ್ಟುಕೊಳ್ಳುವುದು. ಮುಂದಿನ ಸಲ ಅವು ಒಂದನ್ನೊಂದು ಗುರುತಿಸುವುದು ಆ ಕೀಲಿಯಿಂದಲೇ. ಹಳೆಯ ಹೆಡ್‌ಸೆಟ್ಟುಗಳೂ ಕಾರಿನ ಸ್ಟೀರಿಯೊಗಳೂ ಇದಕ್ಕಾಗಿ ಪಿನ್ ಕೇಳುತ್ತವೆ. ಕೈಪಿಡಿ ಕಳೆದುಹೋಗಿದ್ದರೆ 0000 ಅಥವಾ 1234 ಹಾಕಿ ನೋಡಬಹುದು. 2007ರಲ್ಲಿ ಬಂದ ಬ್ಲೂಟೂತ್ 2.1 ಆವೃತ್ತಿಯಿಂದ ಈಚೆಗೆ ಎರಡೂ ಪರದೆಗಳಲ್ಲಿ ಒಂದೇ ಆರಂಕಿಯ ಸಂಖ್ಯೆ ಮೂಡುವ ಕ್ರಮ ಬಂದಿದೆ. ಅದನ್ನು ನೋಡದೆ ‘ಪೇರ್’ ಒತ್ತುವುದು ಎಲ್ಲರಿಗೂ ರೂಢಿಯಾಗಿದೆ. ಎರಡೂ ಕಡೆ ಒಂದೇ ಸಂಖ್ಯೆ ಇದ್ದರೆ ನಡುವೆ ಬೇರೆ ಯಾರೂ ಇಲ್ಲ ಎಂಬುದಕ್ಕೆ ಅದೇ ಖಾತರಿ. ಸಂಖ್ಯೆಗಳು ಬೇರೆ ಬೇರೆಯಾಗಿದ್ದರೆ ರದ್ದು ಮಾಡಿ. ನೀವು ಒತ್ತಿದ್ದು ಪಕ್ಕದವರ ಸಾಧನದ ಹೆಸರನ್ನು ಇರಬಹುದು, ಅದಕ್ಕಿಂತ ಕೆಟ್ಟದ್ದೂ ಇರಬಹುದು.

ಪಿನ್ ಸರಿಯಾಗಿದ್ದೂ ಪೇರಿಂಗ್ ಆಗದಿದ್ದರೆ ಸಾಧನದ ಮೆಮೊರಿ ತುಂಬಿದೆಯೇ ನೋಡಬೇಕು. ಕಾರಿನ ಸ್ಟೀರಿಯೊ ಒಂದಿಷ್ಟು ಫೋನುಗಳ ಹೆಸರನ್ನಷ್ಟೇ ನೆನಪಿನಲ್ಲಿ ಇಟ್ಟುಕೊಳ್ಳಬಲ್ಲದು. ಪಟ್ಟಿ ತುಂಬಿದ ಮೇಲೆ ಕೆಲವು ಸ್ಟೀರಿಯೊಗಳು ಹಳೆಯ ಹೆಸರನ್ನು ತಾವೇ ಅಳಿಸಿಕೊಳ್ಳುತ್ತವೆ, ಕೆಲವು ಸುಮ್ಮನೆ ‘ವಿಫಲ’ ಎಂದು ಹೇಳಿ ಕೈಚೆಲ್ಲುತ್ತವೆ. ಯಾವಾಗಲೋ ಜೋಡಿಸಿ ಬಿಟ್ಟ ಫೋನುಗಳ ಹೆಸರನ್ನು ಅಲ್ಲಿಂದ ತೆಗೆದುಹಾಕಿ ಮತ್ತೆ ಪ್ರಯತ್ನಿಸಿ. ಈ ಕೆಲಸವನ್ನು ವಾಹನ ನಿಲ್ಲಿಸಿಯೇ ಮಾಡಬೇಕು. ಓಡಿಸುತ್ತ ಪರದೆಯ ಮೇಲಿನ ಸಂಖ್ಯೆ ಓದಲು ಹೋಗುವುದು ಅಪಾಯಕಾರಿ.

ನಿನ್ನೆಯವರೆಗೆ ಸೇರುತ್ತಿದ್ದದ್ದು ಇಂದು ಸೇರುತ್ತಿಲ್ಲ

ಹೆಚ್ಚು ಜನರನ್ನು ಕಾಡುವ ಲಕ್ಷಣ ಇದು. ಪಟ್ಟಿಯಲ್ಲಿ ಹೆಸರಿದೆ, ಒತ್ತಿದರೆ ‘ಕನೆಕ್ಟ್ ಆಗುತ್ತಿದೆ’ ಎಂದು ಒಂದು ಕ್ಷಣ ತೋರಿಸಿ ಮತ್ತೆ ಸುಮ್ಮನಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡೇ ಕಾರಣಗಳು: ಮೂರನೆಯ ಸಾಧನವೊಂದು ಅದನ್ನು ಆಗಲೇ ಹಿಡಿದುಕೊಂಡಿದೆ, ಇಲ್ಲವೇ ಎರಡು ತುದಿಗಳಲ್ಲಿರುವ ಕೀಲಿಗಳು ಒಂದಕ್ಕೊಂದು ಹೊಂದುತ್ತಿಲ್ಲ.

ಮೊದಲನೆಯದಕ್ಕೆ ನನ್ನದೇ ಉದಾಹರಣೆ ಕೊಡಬಲ್ಲೆ. ಒಂದು ಸಣ್ಣ ಸ್ಪೀಕರು ಎರಡು ವರ್ಷ ತಕರಾರಿಲ್ಲದೆ ನಡೆದು, ಒಂದು ಸಂಜೆ ಇದ್ದಕ್ಕಿದ್ದಂತೆ ನನ್ನ ಫೋನಿಗೆ ಸೇರಲು ಒಲ್ಲೆ ಎಂದಿತು. ಫೋನನ್ನು ರೀಸ್ಟಾರ್ಟ್ ಮಾಡಿದೆ, ಸ್ಪೀಕರನ್ನು ಆರಿಸಿ ಹೊತ್ತಿಸಿದೆ, ಕೊನೆಗೆ ಅದರ ಬ್ಯಾಟರಿಯೇ ಹೋಗಿದೆ ಎಂದು ತೀರ್ಮಾನಿಸಿ ಪಕ್ಕಕ್ಕಿಟ್ಟೆ. ಪ್ರತಿ ಸಲ ಹೊತ್ತಿಸಿದಾಗಲೂ ‘ಕನೆಕ್ಟೆಡ್’ ಎಂಬ ಸದ್ದು ಮಾತ್ರ ಬರುತ್ತಿತ್ತು; ಆ ಸದ್ದು ಕೇಳಿಯೂ ನಾನು ಅದರ ಅರ್ಥ ಮಾಡಿಕೊಂಡಿರಲಿಲ್ಲ. ಸ್ಪೀಕರು ಸೇರುತ್ತಿದ್ದದ್ದು ಪಕ್ಕದ ಕೋಣೆಯಲ್ಲಿ ಪುಸ್ತಕಗಳ ಕೆಳಗೆ ಬಿದ್ದಿದ್ದ, ಹಿಂದಿನ ದಿನವಷ್ಟೇ ಚಾರ್ಜಿಗೆ ಹಾಕಿದ್ದ ಹಳೆಯ ಟ್ಯಾಬ್ಲೆಟ್ಟಿಗೆ. ಅಂದಿನಿಂದ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಇದುವರೆಗೆ ಯಾವ ಯಾವ ಸಾಧನಗಳಿಗೆ ಸೇರಿದೆ? ಅವೆಲ್ಲದರಲ್ಲೂ ಬ್ಲೂಟೂತ್ ಆರಿಸಿ, ಆಮೇಲೆ ಒಂದೊಂದಾಗಿ ಆನ್ ಮಾಡುತ್ತ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ. ಏಕಕಾಲಕ್ಕೆ ಎರಡು ಫೋನುಗಳಿಗೆ ಸೇರುವ ಮಲ್ಟಿಪಾಯಿಂಟ್ ಹೆಡ್‌ಸೆಟ್ಟುಗಳಲ್ಲಿ ಎರಡೂ ಜಾಗ ಭರ್ತಿಯಾಗಿದ್ದರೆ ಮೂರನೆಯದಕ್ಕೆ ಇದೇ ಗತಿ.

ಐಫೋನಿನಲ್ಲಿ ಬ್ಲೂಟೂತ್ ಆರಿಸುವಾಗ ಒಂದು ಎಚ್ಚರಿಕೆ ಬೇಕು. ಕಂಟ್ರೋಲ್ ಸೆಂಟರಿನ ಗುಂಡಿ ಒತ್ತಿದರೆ ಬ್ಲೂಟೂತ್ ಪೂರ್ತಿ ಆರುವುದಿಲ್ಲ. ಸೇರಿಕೊಂಡಿದ್ದ ಹೆಡ್‌ಸೆಟ್ಟಿನಂಥ ಸಾಧನಗಳಷ್ಟೇ ಬಿಟ್ಟುಹೋಗುತ್ತವೆ, ಅದೂ ಬೆಳಗಿನ 5 ಗಂಟೆಯವರೆಗೆ ಮಾತ್ರ. ರಾತ್ರಿ ಆರಿಸಿದ್ದು ಬೆಳಿಗ್ಗೆ ತಾನಾಗಿಯೇ ಸೇರಿಕೊಂಡಿತು ಎಂದು ಗಾಬರಿಯಾಗುವವರು ಇದನ್ನು ತಿಳಿದಿರಬೇಕು. ಪೂರ್ತಿ ಆರಿಸಬೇಕಿದ್ದರೆ ಸೆಟ್ಟಿಂಗ್ಸ್‌ನ ಬ್ಲೂಟೂತ್ ಪುಟಕ್ಕೇ ಹೋಗಬೇಕು.

ಮೂರನೆಯ ಸಾಧನ ಇಲ್ಲವೆಂದು ಖಚಿತವಾದರೆ ಕೀಲಿಯ ಕಡೆ ಬನ್ನಿ. ಹೆಡ್‌ಸೆಟ್ಟನ್ನು ಯಾರೋ ರೀಸೆಟ್ ಮಾಡಿದ್ದರೆ ಅದರ ಕಡೆಯ ಕೀಲಿ ಅಳಿದಿರುತ್ತದೆ, ಫೋನಿನಲ್ಲಿ ಮಾತ್ರ ಹಳೆಯ ಕೀಲಿ ಉಳಿದಿರುತ್ತದೆ. ಫೋನು ಅದನ್ನೇ ಹಿಡಿದು ಬಾಗಿಲು ತಟ್ಟುತ್ತದೆ, ಒಳಗಿನವರಿಗೆ ಗುರುತು ಸಿಗುವುದಿಲ್ಲ. ಈ ಸ್ಥಿತಿಯಲ್ಲಿ ಎಷ್ಟು ಸಲ ‘ಕನೆಕ್ಟ್’ ಒತ್ತಿದರೂ ಫಲವಿಲ್ಲ. ಫೋನಿನ ಪಟ್ಟಿಯಲ್ಲಿ ಹೆಸರಿನ ಪಕ್ಕದ ಗುರುತನ್ನು ಒತ್ತಿ ‘ಫರ್ಗೆಟ್’ ಅಥವಾ ‘ಮರೆತುಬಿಡಿ’ ಆಯ್ದುಕೊಳ್ಳಿ. ಅಷ್ಟಕ್ಕೇ ನಿಲ್ಲಿಸಬೇಡಿ. ಸಾಧನದ ಕಡೆಯ ನೆನಪನ್ನೂ ಅಳಿಸಿ. ಕಾರಿನಲ್ಲಾದರೆ ಪಟ್ಟಿಯಿಂದ ಫೋನಿನ ಹೆಸರು ತೆಗೆಯಬೇಕು, ಇಯರ್‌ಬಡ್ ಅಥವಾ ಸ್ಪೀಕರಾದರೆ ಅದರ ಕೈಪಿಡಿಯಲ್ಲಿ ಹೇಳಿರುವ ಗುಂಡಿಯನ್ನು ಹೇಳಿದಷ್ಟು ಹೊತ್ತು ಒತ್ತಿ ಹಿಡಿಯಬೇಕು. ಆಮೇಲೆ ಎರಡನ್ನೂ ರೀಸ್ಟಾರ್ಟ್ ಮಾಡಿ, ಹೊಸದೆಂಬಂತೆ ಪೇರ್ ಮಾಡಿ. ‘ಫರ್ಗೆಟ್ ಮಾಡಿದರೂ ಸರಿಹೋಗಲಿಲ್ಲ’ ಎನ್ನುವವರಲ್ಲಿ ಅನೇಕರು ಒಂದೇ ಕಡೆ ಅಳಿಸಿದವರು.

ಕನೆಕ್ಟ್ ಆಗಿದೆ, ಆದರೆ ದನಿ ಬರುತ್ತಿಲ್ಲ

ಸಂಪರ್ಕ ಒಂದೇ ಎಂದು ನಮಗೆ ತೋರಿದರೂ ಅದರೊಳಗೆ ಹಲವು ದಾರಿಗಳಿವೆ. ಹಾಡು ಹೋಗುವ ದಾರಿ ಬೇರೆ, ಕರೆ ಹೋಗುವ ದಾರಿ ಬೇರೆ, ಫೋನ್ ನಂಬರುಗಳ ಪಟ್ಟಿ ಹೋಗುವ ದಾರಿ ಬೇರೆ. ಇವುಗಳಿಗೆ ಪ್ರೊಫೈಲ್ ಎಂದು ಹೆಸರು. ಕರೆಯ ದನಿ ಬಂದು ಹಾಡಿನದು ಬರದಿದ್ದರೆ, ಅಥವಾ ಅದರ ತಿರುವುಮುರುವಾದರೆ, ಸಂಪರ್ಕ ಸರಿಯಾಗಿದ್ದು ಒಂದು ದಾರಿ ಮಾತ್ರ ಮುಚ್ಚಿದೆ ಎಂದು ತಿಳಿಯಬೇಕು. ಆಂಡ್ರಾಯ್ಡ್‌ನಲ್ಲಿ ಸಾಧನದ ಹೆಸರಿನ ಪಕ್ಕದ ಗೇರ್ ಗುರುತನ್ನು ಒತ್ತಿದರೆ ‘ಮೀಡಿಯಾ ಆಡಿಯೊ’, ‘ಫೋನ್ ಕಾಲ್ಸ್’ ಎಂಬ ಸ್ವಿಚ್ಚುಗಳು ಸಿಗುತ್ತವೆ, ಆರಿರುವುದನ್ನು ಹೊತ್ತಿಸಿ.

ಸ್ವಿಚ್ಚುಗಳು ಸರಿಯಾಗಿದ್ದರೆ ದನಿ ಬೇರೆಲ್ಲಿಗೋ ಹೋಗುತ್ತಿದೆಯೇ ನೋಡಿ. ಹಾಡು ಬರುತ್ತಿರುವಾಗ ವಾಲ್ಯೂಮ್ ಗುಂಡಿ ಒತ್ತಿ ಔಟ್‌ಪುಟ್ ಯಾವುದೆಂದು ಪರಿಶೀಲಿಸಿ. ಕಾರಿನಲ್ಲಾದರೆ ಸ್ಟೀರಿಯೊದ ಸೋರ್ಸ್ ಇನ್ನೂ ರೇಡಿಯೊದಲ್ಲೇ ಇರಬಹುದು. ಫೋನಿನ ವಾಲ್ಯೂಮ್ ಪೂರ್ತಿ ಇದ್ದೂ ದನಿ ತೀರ ಸಣ್ಣದಾಗಿದ್ದರೆ ಸಾಧನದ ಸ್ವಂತ ವಾಲ್ಯೂಮ್ ಗುಂಡಿ ಹುಡುಕಿ. ಎರಡರ ವಾಲ್ಯೂಮೂ ಒಂದಕ್ಕೊಂದು ತಾಳ ತಪ್ಪಿದ ಆಂಡ್ರಾಯ್ಡ್ ಫೋನಿಗೆ ಡೆವಲಪರ್ ಆಯ್ಕೆಗಳಲ್ಲಿ (ತಂತ್ರಜ್ಞರಿಗೆಂದು ಮರೆಯಲ್ಲಿಟ್ಟ ಮೆನು) ‘ಅಬ್ಸಲ್ಯೂಟ್ ವಾಲ್ಯೂಮ್’, ಅಂದರೆ ಎರಡರ ವಾಲ್ಯೂಮನ್ನೂ ಒಂದಾಗಿಸುವ ಏರ್ಪಾಡು, ನಿಷ್ಕ್ರಿಯಗೊಳಿಸುವ ಸ್ವಿಚ್ಚಿದೆ. ಅದನ್ನು ಒತ್ತುವ ಮೊದಲು ಹೆಡ್‌ಸೆಟ್ಟನ್ನು ಕಿವಿಯಿಂದ ತೆಗೆಯಿರಿ, ಏಕೆಂದರೆ ದನಿ ಒಮ್ಮೆಗೇ ಜೋರಾಗಬಹುದು.

ದನಿ ತುಂಡುತುಂಡಾಗುತ್ತದೆ

ಮೊದಲ ಪರೀಕ್ಷೆ ಅಗ್ಗದ್ದು: ಫೋನಿನಲ್ಲೇ ಉಳಿಸಿಕೊಂಡ ಒಂದು ಹಾಡನ್ನು ಹಾಕಿ. ಅದು ಸರಾಗವಾಗಿ ಬಂದು, ಆನ್‌ಲೈನ್ ಹಾಡು ಮಾತ್ರ ತುಂಡಾದರೆ ತಪ್ಪು ಇಂಟರ್ನೆಟ್ಟಿನದು, ಬ್ಲೂಟೂತ್‌ನದಲ್ಲ.

ಎರಡನೆಯ ಪರೀಕ್ಷೆಗೆ ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಿಂದ ತೆಗೆದು ಎದೆಯ ಎತ್ತರದಲ್ಲಿ ಕೈಯಲ್ಲಿ ಹಿಡಿಯಿರಿ. ದನಿ ತಕ್ಷಣ ಸರಿಹೋದರೆ ಅಡ್ಡವಾಗಿದ್ದದ್ದು ನಿಮ್ಮ ದೇಹವೇ. ಬ್ಲೂಟೂತ್ ಅಲೆಗಳು ಸುಮಾರು 2.4 ಗಿಗಾಹರ್ಟ್ಸ್‌ನವು, ನೀರಿನ ಅಂಶ ತುಂಬಿರುವ ದೇಹ ಅವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಗೋಡೆ, ಮೀನಿನ ತೊಟ್ಟಿ, ಲೋಹದ ಬೀರು ಕೂಡ ತಡೆಯುತ್ತವೆ. ಡಬ್ಬದ ಮೇಲೆ 10 ಮೀಟರ್ ಎಂದು ಬರೆದಿದ್ದರೆ ಅದು ಬಯಲಿನ ಲೆಕ್ಕ, ಮನೆಯೊಳಗಿನದಲ್ಲ.

ನಿಂತಲ್ಲೇ ನಿಂತಿದ್ದರೂ, ಫೋನು ಎದುರಿಗೇ ಇದ್ದರೂ, ಒಂದು ಜಾಗದಲ್ಲಿ ಮಾತ್ರ ದನಿ ತುಂಡಾದರೆ ಅಲ್ಲಿ ಗದ್ದಲವಿದೆ. ವೈಫೈನ ಹಳೆಯ ತರಂಗಾಂತರ ಪಟ್ಟಿಯೂ ಮೈಕ್ರೋವೇವ್ ಒಲೆಯೂ ಇದೇ 2.4 ಗಿಗಾಹರ್ಟ್ಸ್ ಓಣಿಯಲ್ಲಿ ವಾಸಿಸುತ್ತವೆ. ಹಾಡು ಕಳಿಸುವ ಕ್ಲಾಸಿಕ್ ಬ್ಲೂಟೂತ್ ಈ ಓಣಿಯನ್ನು 79 ಕಿರುಚಾನೆಲ್‌ಗಳಾಗಿ ಹಂಚಿಕೊಂಡು, ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಗದ್ದಲವಿರುವ ಚಾನೆಲ್‌ಗಳನ್ನು ಗುರುತಿಸಿ ಬಿಟ್ಟುಬಿಡುವ ಜಾಣತನ 2003ರ 1.2 ಆವೃತ್ತಿಯಿಂದಲೇ ಅದಕ್ಕಿದೆ. ಆದರೆ ಓಣಿಯ ತುಂಬ ಗದ್ದಲವಿದ್ದರೆ ಜಿಗಿಯಲು ಜಾಗವೇ ಉಳಿಯುವುದಿಲ್ಲ. ಸಾಧ್ಯವಿದ್ದರೆ ಫೋನಿನ ವೈಫೈಯನ್ನು 5 ಗಿಗಾಹರ್ಟ್ಸ್ ಜಾಲಕ್ಕೆ ಬದಲಿಸಿ. ಲ್ಯಾಪ್‌ಟಾಪಿನ ಪಕ್ಕ ಕುಳಿತಾಗ ಮಾತ್ರ ತೊಂದರೆ ಎಂದಾದರೆ ಅದಕ್ಕೆ ಚುಚ್ಚಿರುವ ಯುಎಸ್‌ಬಿ 3.0 ಹಾರ್ಡ್‌ಡಿಸ್ಕನ್ನು ತೆಗೆದು ನೋಡಿ; ಅಂಥ ಜೋಡಣೆಗಳು ಇದೇ ತರಂಗಾಂತರದಲ್ಲಿ ಗದ್ದಲ ಹೊರಸೂಸುತ್ತವೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರಿಸಿತ್ತು.

ಎಲ್ಲ ಜಾಗಗಳಲ್ಲೂ, ಒಂದು ಮೀಟರ್ ದೂರದಲ್ಲೂ ತುಂಡಾದರೆ ಫೋನಿನ ಕವಚ ತೆಗೆದು ನೋಡಿ, ವಿಶೇಷವಾಗಿ ಅದರಲ್ಲಿ ಲೋಹದ ತಗಡೋ ಅಯಸ್ಕಾಂತವೋ ಇದ್ದರೆ. ಅದರಿಂದಲೂ ಸರಿಹೋಗದಿದ್ದರೆ, ಮತ್ತು ಫೋನು ಬಿದ್ದ ದಿನದಿಂದಲೇ ಈ ತೊಂದರೆ ಶುರುವಾಗಿದ್ದರೆ, ಆಂಟೆನಾ ಜೋಡಣೆ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಅಲ್ಲಿಂದ ಮುಂದಿನದು ರಿಪೇರಿಯವರ ಕೆಲಸ.

ಕರೆ ಬಂದಾಗ ದನಿ ಕೆಡುತ್ತದೆ, ವಿಡಿಯೊದಲ್ಲಿ ತುಟಿಗೂ ಮಾತಿಗೂ ಹೊಂದುವುದಿಲ್ಲ

ಇವೆರಡೂ ಬಹುತೇಕ ದೋಷಗಳಲ್ಲ. ಮೈಕ್ ಬೇಕಾದ ಕೂಡಲೇ ಸಂಪರ್ಕ ಹಾಡಿನ ದಾರಿ ಬಿಟ್ಟು ಕರೆಯ ದಾರಿಗೆ ಬರುತ್ತದೆ; ಅಲ್ಲಿ ದನಿಯ ಮಾದರಿಗಳು (ದನಿಯನ್ನು ಅಳೆದು ದಾಖಲಿಸುವ ಸಲಗಳು) ಹೆಚ್ಚಿನ ಹೆಡ್‌ಸೆಟ್ಟುಗಳಲ್ಲಿ ಸೆಕೆಂಡಿಗೆ 8,000 ಅಥವಾ 16,000 ಮಾತ್ರ, ಹಾಡಿನಲ್ಲಾದರೆ ಸಾಮಾನ್ಯವಾಗಿ 44,100. ಆಟ ಆಡುತ್ತ ಮಾತಾಡುವವರಿಗೆ ಹಿನ್ನೆಲೆ ಸಂಗೀತ ಡಬ್ಬದೊಳಗಿಂದ ಬಂದಂತೆ ಕೇಳುವುದು ಇದರಿಂದಲೇ. ತುಟಿ ತಪ್ಪುವುದು ದನಿಯನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸುವುದಕ್ಕೆ ಹಿಡಿಯುವ ಸಮಯದಿಂದ. ವಿಡಿಯೊ ಆ್ಯಪ್‌ಗಳಲ್ಲಿ ಬಹಳಷ್ಟು ಇದನ್ನು ತಾವೇ ಸರಿದೂಗಿಸುತ್ತವೆ, ಆಟಗಳಿಗೆ ಅದು ಆಗದ ಮಾತು. ಹೆಡ್‌ಸೆಟ್ಟಿನಲ್ಲಿ ಈ ತಡವನ್ನು ಕಡಿಮೆ ಮಾಡುವ ಗೇಮ್ ಮೋಡ್ ಇದ್ದರೆ ಬಳಸಿ, ಇಲ್ಲದಿದ್ದರೆ ತಂತಿಯ ಇಯರ್‌ಫೋನೇ ವಾಸಿ.

ಒಂದೇ ಕಿವಿಯಲ್ಲಿ ದನಿ ಬರುತ್ತದೆ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ ಎಡಬಲ ದನಿಯ ಸಮತೋಲನದ ಗೆರೆ ನಡುವೆ ಇದೆಯೇ ನೋಡಿ. ಯಾವಾಗಲೋ ಬೆರಳು ತಗಲಿ ಒಂದು ಬದಿಗೆ ಸರಿದಿರಬಹುದು. ಅದು ಸರಿಯಿದ್ದರೆ ಇಯರ್‌ಬಡ್‌ಗಳು ಚಾರ್ಜ್ ಆಗುವ ಡಬ್ಬಿಯನ್ನು ಬೆಳಕಿಗೆ ಹಿಡಿಯಿರಿ. ಇಯರ್‌ಬಡ್ ಕೂರುವ ಗುಳಿಯ ತಳದಲ್ಲಿ ಸಾಸಿವೆಗಿಂತ ಚಿಕ್ಕ ಲೋಹದ ಮೊಳೆಗಳು ಕಾಣುತ್ತವೆ, ಅವುಗಳಿಗೆ ಎದುರಾಗಿ ಇಯರ್‌ಬಡ್‌ನ ಮೈಮೇಲೆ ಹೊಳೆಯುವ ಚುಕ್ಕೆಗಳಿವೆ. ಬೆವರು, ಕಿವಿಯ ಮೇಣ, ಜೇಬಿನ ನೂಲಿನ ಧೂಳು ಸೇರಿ ಇವುಗಳ ಮೇಲೆ ಕಂದು ಪೊರೆ ಕಟ್ಟಿದಾಗ ಒಂದು ಇಯರ್‌ಬಡ್ ಡಬ್ಬಿಯೊಳಗೇ ಇದ್ದೂ ರಾತ್ರಿಯಿಡೀ ಚಾರ್ಜ್ ಆಗಿರುವುದಿಲ್ಲ. ಒಣ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಒರೆಸಿದರೆ ಸಾಕು. ಪಿನ್ನಿನಿಂದ ಕೆರೆಯಬಾರದು, ನೀರು ಹಾಕಬಾರದು. ಒರೆಸಿದ ಮೇಲೆ ಎರಡನ್ನೂ ಡಬ್ಬಿಗೆ ಹಾಕಿದಾಗ ಎರಡರ ದೀಪವೂ ಹೊತ್ತಬೇಕು, ಅಥವಾ ಫೋನಿನಲ್ಲಿ ಎರಡರ ಚಾರ್ಜೂ ತೋರಬೇಕು. ಚಾರ್ಜ್ ಇದ್ದೂ ದನಿ ಸಣ್ಣದಾಗಿದ್ದರೆ ದನಿ ಹೊರಬರುವ ಜಾಲರಿಯಲ್ಲಿ ಮೇಣ ಕಟ್ಟಿದೆಯೇ ಗಮನಿಸಿ.

ಇಯರ್‌ಬಡ್ ಅಥವಾ ಡಬ್ಬಿ ಉಬ್ಬಿದ್ದರೆ, ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದ್ದರೆ ಎಲ್ಲ ಪರೀಕ್ಷೆಗಳನ್ನೂ ಅಲ್ಲೇ ಕೈಬಿಡಿ. ಲಿಥಿಯಂ ಬ್ಯಾಟರಿ ಕೆಟ್ಟಿರುವುದರ ಗುರುತುಗಳಿವು. ಮತ್ತೆ ಚಾರ್ಜಿಗೆ ಹಾಕಬೇಡಿ, ಕಿವಿಗಿಡಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ.

ಕೈಗಡಿಯಾರ ಆಗಾಗ ತಾನಾಗಿ ಬಿಟ್ಟುಹೋಗುತ್ತದೆ

ಪರದೆ ಆರಿದ ಸ್ವಲ್ಪ ಹೊತ್ತಿಗೆ ಬಿಟ್ಟುಹೋಗಿ, ಆ್ಯಪ್ ತೆರೆದ ಕೂಡಲೇ ಸೇರಿಕೊಳ್ಳುತ್ತದೆ ಎಂದರೆ ಬ್ಲೂಟೂತ್ ನಿರ್ದೋಷಿ. ಬ್ಯಾಟರಿ ಉಳಿಸುವ ಭರದಲ್ಲಿ ಫೋನು ಆ ಆ್ಯಪನ್ನೇ ನಿಲ್ಲಿಸುತ್ತಿದೆ. ಆ್ಯಪ್ ಮಾಹಿತಿಯಲ್ಲಿ ಬ್ಯಾಟರಿ ಆಯ್ಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಎಂದು ಬದಲಿಸಿ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಅದನ್ನು ತಳ್ಳಿಹಾಕುವ ಅಭ್ಯಾಸ ಬಿಡಿ.

ರಕ್ತದ ಸಕ್ಕರೆ ಅಳೆಯುವ ಸೆನ್ಸರ್, ಇನ್ಸುಲಿನ್ ಪಂಪ್, ಶ್ರವಣ ಸಾಧನ ಇಂಥವನ್ನು ಫೋನಿಗೆ ಸೇರಿಸಿಕೊಂಡವರು ‘ಫರ್ಗೆಟ್’ ಒತ್ತುವ ಮುನ್ನ ಅದರ ಕೈಪಿಡಿಯನ್ನೋ ತಯಾರಕರ ಸಹಾಯವಾಣಿಯನ್ನೋ ಕೇಳಬೇಕು. ಕೆಲವು ಸೆನ್ಸರ್‌ಗಳನ್ನು ಮತ್ತೆ ಜೋಡಿಸಲು ಸಂಕೇತ ಸಂಖ್ಯೆ ಬೇಕಾಗುತ್ತದೆ. ಜೋಡಣೆ ಕಡಿದಿರುವಷ್ಟು ಹೊತ್ತು ಫೋನಿಗೆ ಸಕ್ಕರೆ ಮಟ್ಟದ ಎಚ್ಚರಿಕೆಯ ಸದ್ದು ಬರುವುದಿಲ್ಲ. ಅಲ್ಲಿಯವರೆಗೆ ಬೆರಳಿನ ರಕ್ತದಿಂದ ಅಳೆಯುವ ಯಂತ್ರ ಕೈಗೆಟಕುವಂತಿರಲಿ.

ಕೇಳದೆಯೇ ಪೇರಿಂಗ್ ವಿನಂತಿಗಳು ಬರುತ್ತಿವೆ

ಗುರುತಿಲ್ಲದ ಹೆಸರಿನಿಂದ ಬಂದ ವಿನಂತಿಯನ್ನು ನಿರಾಕರಿಸುವುದೇ ಸರಿ. ಅದೇ ಜಾಗದಲ್ಲಿ ಪದೇಪದೇ ಬಂದರೆ ಪಕ್ಕದಲ್ಲಿರುವವರು ಯಾರೋ ತಮ್ಮ ಟಿವಿಯನ್ನು ಜೋಡಿಸಲು ಹೆಣಗುತ್ತಿರಬಹುದು, ಅಷ್ಟೆ. ಆದರೂ ಫೋನಿನ ಭದ್ರತಾ ಅಪ್‌ಡೇಟ್ ಹಳೆಯದಾಗಿದ್ದರೆ ಉದಾಸೀನ ಬೇಡ: 2017ರಲ್ಲಿ ಬಯಲಾದ ಬ್ಲೂಬೋರ್ನ್ ಎಂಬ ದೋಷಗಳ ಗುಂಪಿನಲ್ಲಿ, ಪೇರಿಂಗ್ ಮಾಡದೆಯೇ, ಬ್ಲೂಟೂತ್ ಆನ್ ಇದ್ದಷ್ಟರಿಂದಲೇ ಸಾಧನದೊಳಗೆ ನುಗ್ಗಲು ದಾರಿಯಿತ್ತು. ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಬೇಡವಾದಾಗ ಬ್ಲೂಟೂತ್ ಆರಿಸಿಡುವುದು ಲೇಸು.

ಬ್ಲೂಟೂತ್ ಆನ್ ಆಗುವುದೇ ಇಲ್ಲ

ಸ್ವಿಚ್ಚು ಒತ್ತಿದರೆ ಹಿಂದಕ್ಕೆ ಸರಿಯುತ್ತದೆ, ಅಥವಾ ಬಣ್ಣಗೆಟ್ಟು ನಿಂತಿರುತ್ತದೆ. ಏರ್‌ಪ್ಲೇನ್ ಮೋಡನ್ನು ಒಮ್ಮೆ ಆನ್ ಮಾಡಿ ತೆಗೆಯಿರಿ, ಫೋನನ್ನು ರೀಸ್ಟಾರ್ಟ್ ಮಾಡಿ, ಬಾಕಿ ಇರುವ ಅಪ್‌ಡೇಟ್ ಹಾಕಿ. ಆಂಡ್ರಾಯ್ಡ್‌ನಲ್ಲಿ ಸೇಫ್ ಮೋಡ್‌ಗೆ (ನೀವು ಹಾಕಿಕೊಂಡ ಆ್ಯಪ್‌ಗಳನ್ನು ಬದಿಗಿಟ್ಟು ಫೋನು ನಡೆಯುವ ಸ್ಥಿತಿ) ಹೋದಾಗ ಆನ್ ಆದರೆ ಈಚೆಗೆ ಹಾಕಿಕೊಂಡ ಯಾವುದೋ ಆ್ಯಪ್ ಕಾರಣ. ಅದೂ ಅಲ್ಲವಾದರೆ ಮಾತ್ರ ನೆಟ್‌ವರ್ಕ್ ರೀಸೆಟ್‌ಗೆ ಕೈಹಾಕಬೇಕು: ಆಂಡ್ರಾಯ್ಡ್‌ನಲ್ಲಿ ಸಿಸ್ಟಂ ವಿಭಾಗದ ರೀಸೆಟ್ ಆಯ್ಕೆಗಳಲ್ಲಿ, ಐಫೋನಿನಲ್ಲಿ ಜನರಲ್ ವಿಭಾಗದ ಕೊನೆಯ ರೀಸೆಟ್‌ನಲ್ಲಿ ಇದು ಸಿಗುತ್ತದೆ. ಫೋಟೊ, ಸಂದೇಶಗಳಿಗೆ ಇದರಿಂದ ಏನೂ ಆಗುವುದಿಲ್ಲ, ಆದರೆ ವೈಫೈ ಪಾಸ್‌ವರ್ಡುಗಳು ಹೋಗುತ್ತವೆ, ಆಂಡ್ರಾಯ್ಡ್‌ನಲ್ಲಿ ಬ್ಲೂಟೂತ್ ಜೋಡಣೆಗಳೂ ಅಳಿಯುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೂ ಸ್ವಿಚ್ಚು ಜೀವ ತಾಳದಿದ್ದರೆ ವೈಫೈ ಆನ್ ಆಗುತ್ತದೆಯೇ ನೋಡಿ. ಬಹಳಷ್ಟು ಫೋನುಗಳಲ್ಲಿ ಇವೆರಡಕ್ಕೂ ಇರುವುದು ಒಂದೇ ಚಿಪ್ಪು, ಆದ್ದರಿಂದ ಎರಡೂ ಒಟ್ಟಿಗೆ ಸತ್ತಿದ್ದರೆ ದೋಷ ಬೋರ್ಡಿನಲ್ಲಿದೆ; ನೀರು ತಗಲಿದ ಅಥವಾ ಬಿದ್ದ ಫೋನುಗಳಲ್ಲಿ ಹೀಗಾಗುವುದುಂಟು. ಫೋನನ್ನು ನೀವೇ ಬಿಚ್ಚಬೇಡಿ, ಫ್ಯಾಕ್ಟರಿ ರೀಸೆಟ್ ಮಾಡಿ ಡೇಟಾ ಕಳೆದುಕೊಳ್ಳುವುದರಿಂದಲೂ ಸತ್ತ ಚಿಪ್ಪು ಏಳುವುದಿಲ್ಲ. ಬ್ಯಾಕಪ್ ಮಾಡಿಕೊಂಡು ಅಧಿಕೃತ ಸರ್ವೀಸ್ ಸೆಂಟರಿಗೆ ಒಯ್ಯಿರಿ. ತೊಂದರೆ ಯಾವಾಗ ಶುರುವಾಯಿತು, ವೈಫೈ ಸ್ಥಿತಿ ಏನು, ಅದಲು ಬದಲು ಪರೀಕ್ಷೆಯಲ್ಲಿ ಏನು ಕಂಡಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ, ನೀವು ಆಗಲೇ ಮಾಡಿ ಮುಗಿಸಿದ ಪರೀಕ್ಷೆಗಳನ್ನು ಅಲ್ಲಿ ಮತ್ತೊಮ್ಮೆ ಮೊದಲಿನಿಂದ ಮಾಡುವುದು ತಪ್ಪುತ್ತದೆ.